ಹನಿ, ಇವತ್ತು ನಿನಗಿಲ್ಲಿ ಏನೂ ಇಲ್ಲ

ಮಂಗಳವಾರ, ಮೇ 20, 2025. ಮಗಳನ್ನು ಸ್ಕೂಲಿಗೆ ಬಿಡುವ ಮೊದಲು ವೋಟು ಹಾಕಿ ಬಂದುಬಿಡೋಣ ಅಂತ ಏಳೂವರೆಗೇ ಹೊರಟೆ. ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ನಮ್ಮ ಮತಗಟ್ಟೆ ಒಂದು ಚರ್ಚಿನ ಹಾಲ್‌ನಲ್ಲಿ. ಒಳಗೆ ಹೋದರೆ ಕಾಫಿ ಮತ್ತು ಡೋನಟ್ ವಾಸನೆ. ಮೇಜಿನ ಹಿಂದೆ ಎಪ್ಪತ್ತು ದಾಟಿದ ಅಜ್ಜಿ, ಕುತ್ತಿಗೆಗೆ ಸರ ಕಟ್ಟಿ ಇಳಿಬಿಟ್ಟ ಕನ್ನಡಕ. ನನ್ನ ಹೆಸರು ಇಲ್ಲಿ ಯಾರಿಗೂ ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ. ಮೂರು ಸಲ ಹೇಳಿದ ಮೇಲೆ ಅಜ್ಜಿಗೆ ಸಿಕ್ಕಿತು. ಸಾಲಿನ ಮೇಲೆ ಬೆರಳಿಟ್ಟು ಕೊನೆವರೆಗೂ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ತಲೆ ಎತ್ತಿ, ತಮ್ಮದೇ ತಪ್ಪೇನೋ ಅನ್ನುವ ಹಾಗೆ, "ಹನಿ, ಇವತ್ತು ನಿನಗಿಲ್ಲಿ ಏನೂ ಇಲ್ಲ" ಅಂದರು. ಹನಿ ಅಂದರೆ ಜೇನು, ಇಲ್ಲಿಯವರು ಪ್ರೀತಿಯಿಂದ ಕರೆಯುವ ಮಾತು.

ಈ ಮಾತು ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ಕಾಯುವಾಗ, ಬೇಡದ ಹೊತ್ತಲ್ಲೆಲ್ಲ ಅದೇ ಕೇಳುತ್ತಿದೆ.

ತಪ್ಪು ಅಜ್ಜಿಯದಲ್ಲ, ನಾನೇ ತಿಳಿದುಕೊಂಡಿರಲಿಲ್ಲ. ಅವತ್ತಿನದು ಪ್ರೈಮರಿ, ಅಂದರೆ ಮುಖ್ಯ ಚುನಾವಣೆಗೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತು. ಪೆನ್ಸಿಲ್ವೇನಿಯಾದಲ್ಲಿ ಅದು ಪಕ್ಷಗಳ ಮನೆಯೊಳಗಿನ ವ್ಯವಹಾರ. ಡೆಮಾಕ್ರಾಟ್ ಅಂತ ಬರೆಸಿಕೊಂಡವರು ಆ ಪಕ್ಷದ ಅಭ್ಯರ್ಥಿಗಳನ್ನು ಆರಿಸುತ್ತಾರೆ, ರಿಪಬ್ಲಿಕನ್ ಅಂತ ಬರೆಸಿಕೊಂಡವರು ಅವರದನ್ನು. ಎರಡೂ ಅಲ್ಲದವರು ಮನೆಗೆ ಹೋಗಬಹುದು. ನೋಂದಣಿ ಫಾರಂ ತುಂಬುವಾಗ ನಾನು 'ಯಾವ ಪಕ್ಷವೂ ಇಲ್ಲ' ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದೆ. ಬದಲಾಯಿಸಬೇಕು ಅಂದರೆ ಚುನಾವಣೆಗೆ ಹದಿನೈದು ದಿನ ಮುಂಚೆ ಬದಲಾಯಿಸಬೇಕಿತ್ತಂತೆ. ನನ್ನ ಹಾಗೆ ಬರಿಗೈಲಿ ವಾಪಸ್ಸು ಬರಬೇಕಾದವರು ಈ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಇದ್ದಾರೆ.

ರಾತ್ರಿ ತಿಪಟೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದು ನಂಬಿಕೆಯೇ ಆಗಲಿಲ್ಲ.

"ಏನೇ, ವೋಟರ್ ಲಿಸ್ಟಲ್ಲೇ ಯಾವ ಪಕ್ಷ ಅಂತ ಬರೀತಾರಾ?"

"ಹೂಂ ಅಮ್ಮ, ಇಲ್ಲಿ ಹಾಗೇ."

"ನಮ್ಮಲ್ಲಿ ಬರೆಯೋದೇ ಬೇಡ ಬಿಡು. ಯಾರ ಮನೆ ವೋಟು ಯಾರಿಗೆ ಅಂತ ಬೂತ್ ಏಜೆಂಟ್‌ಗೆ ಬಾಯಿಪಾಠ."

ಪಕ್ಷೇತರ ಅಂದರೆ ನಮಗೆ ಚುನಾವಣೆಗೆ ನಿಲ್ಲುವವನು. ಟಿಕೆಟ್ ಸಿಗದೆ ಮುನಿಸಿಕೊಂಡವನು, ಇಲ್ಲವೇ ಗೆದ್ದು ಸರ್ಕಾರ ರಚಿಸುವಾಗ ರೇಟು ಹೇಳುವವನು. ವೋಟು ಹಾಕುವವರೂ ಪಕ್ಷೇತರರಾಗಬಹುದು ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್‌ನವರು ಕೇಳಿದರೆ 2024ರಲ್ಲಿ ಅಮೆರಿಕದ ನೂರಕ್ಕೆ 43 ಜನ ತಾವು ಪಕ್ಷೇತರರು ಅಂದಿದ್ದಾರೆ. ಎರಡೂ ಪಕ್ಷಗಳಿಗಿಂತ ದೊಡ್ಡ ಗುಂಪು. ಆದರೆ ಸ್ವಲ್ಪ ಒತ್ತಿ ಕೇಳಿದರೆ ಹೆಚ್ಚಿನವರು ಒಂದಲ್ಲ ಒಂದು ಕಡೆ ವಾಲಿಕೊಂಡೇ ಇರುತ್ತಾರೆ. ನಿಜವಾಗಿ ನಡುವೆ ನಿಂತವರು ಬೆರಳೆಣಿಕೆ.

ಸಿಟ್ಟು ಬಂದಿದ್ದು ಯಾಕೆ ಅಂದರೆ, 2024ರ ಅಕ್ಟೋಬರ್ ಇನ್ನೂ ನೆನಪಿದೆ. ಆಗ ನಾನು ಈ ದೇಶದ ರಾಜಕುಮಾರಿ. ನಮ್ಮದು ನಾರ್ತಾಂಪ್ಟನ್ ಕೌಂಟಿ. 2012ರಲ್ಲಿ ಒಬಾಮಾ, 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್, ಹೀಗೆ ಗೆಲ್ಲುವವರ ಜೊತೆಗೇ ಹೋಗುವ ಊರು. ಅಂಚೆ ಡಬ್ಬಿ ತುಂಬ ಬಣ್ಣದ ಕಾಗದ. ವಾರಕ್ಕೆ ಮೂರು ಸಲ ಯಾರೋ ಬಾಗಿಲು ಬಡಿಯುತ್ತಿದ್ದರು. ಪಕ್ಕದ ಅಲೆನ್‌ಟೌನ್‌ಗೆ ಅಕ್ಟೋಬರ್ 29ಕ್ಕೆ ಟ್ರಂಪ್ ಬಂದರು, ಮತದಾನದ ಹಿಂದಿನ ದಿನ ಕಮಲಾ ಹ್ಯಾರಿಸ್ ಬಂದರು. ಎಲ್ಲರಿಗೂ ಬೇಕಾಗಿದ್ದದ್ದು ನನ್ನಂಥವರ ವೋಟು. ಮೇ ತಿಂಗಳಿಗೆ ನೋಡಿದರೆ, ಹನಿ, ನಿನಗಿಲ್ಲಿ ಏನೂ ಇಲ್ಲ.

ನಮ್ಮ ಪಕ್ಕದ ಮನೆಯವರ ಕಥೆ ಇನ್ನೂ ಚೆಂದ. ಅರವತ್ತೆಂಟು ವರ್ಷ, ಒಳ್ಳೆಯ ಮನುಷ್ಯ, ಹಿಮ ಬಿದ್ದಾಗ ಕೇಳದೆಯೇ ನಮ್ಮ ಡ್ರೈವ್‌ವೇ ಗೋರಿ ಕೊಡುತ್ತಾರೆ. ಆದರೆ ಮಾತಿಗೆ ನಿಂತರೆ ಮುಗಿಯಿತು, ಕೈಲಿರುವ ಐಸ್‌ಕ್ರೀಮ್ ಕರಗಿದರೂ ಬಿಡುವುದಿಲ್ಲ. ಅಪ್ಪ, ಮಗ ಇಬ್ಬರೂ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ದುಡಿದವರು. 1995ರಲ್ಲಿ ಇಲ್ಲಿ ಉಕ್ಕು ಮಾಡುವುದು ನಿಂತಿತು. ಈಗ ಆ ಜಾಗದಲ್ಲಿ ಕ್ಯಾಸಿನೋ ಇದೆ, ತುಕ್ಕು ಹಿಡಿದ ಕುಲುಮೆಗಳ ಕೆಳಗೆ ಸಂಗೀತ ಕಾರ್ಯಕ್ರಮ ನಡೆಯುತ್ತದೆ. ಇವರು ಒಬಾಮಾಗೆ ಎರಡು ಸಲ ಹಾಕಿದ್ದಾರೆ, ಟ್ರಂಪ್‌ಗೆ ಹಾಕಿದ್ದಾರೆ, ಬೈಡನ್‌ಗೆ ಹಾಕಿದ್ದಾರೆ, ಮತ್ತೆ ಟ್ರಂಪ್‌ಗೆ ಹಾಕಿದ್ದಾರೆ. ಥೇಟ್ ನಮ್ಮ ಕೌಂಟಿ. ಆದರೆ ಪಟ್ಟಿಯಲ್ಲಿ ಇವತ್ತಿಗೂ ಡೆಮಾಕ್ರಾಟ್. ಹದಿನೆಂಟು ತುಂಬಿದಾಗ ಅಪ್ಪ ಕರೆದುಕೊಂಡು ಹೋಗಿ ಬರೆಸಿದ್ದರಂತೆ, ಬದಲಾಯಿಸುವ ಗೋಜಿಗೇ ಹೋಗಿಲ್ಲ. ಹಾಗಾಗಿ ಮಂಗಳವಾರ ಅವರು ಆರಾಮಾಗಿ ವೋಟು ಹಾಕಿ ಬಂದರು. ನಾಲ್ಕು ವರ್ಷಕ್ಕೊಮ್ಮೆ ಆ ಕಡೆ ಈ ಕಡೆ ಹೋಗುವವರು ಪಕ್ಷದವರು, ಒಂದೇ ಒಂದು ಸಲ ವೋಟು ಹಾಕಿರುವ ನಾನು ಯಾರಿಗೂ ಸೇರದವಳು!

ಏಪ್ರಿಲ್ 2ಕ್ಕೆ ಟ್ರಂಪ್ ಆಮದು ಸುಂಕ ಘೋಷಿಸಿದಾಗ ಇದೇ ಮನುಷ್ಯ ಬೇಲಿ ಪಕ್ಕ ನಿಂತು "ಇದು ನಲವತ್ತು ವರ್ಷದ ಹಿಂದೆ ಬರಬೇಕಿತ್ತು" ಅಂದಿದ್ದರು. ಮುಂದಿನ ಎರಡೇ ದಿನದಲ್ಲಿ ಷೇರುಪೇಟೆ ನೂರಕ್ಕೆ ಹತ್ತರ ಮೇಲೆ ಕುಸಿಯಿತು. ಶನಿವಾರ ಅದೇ ಬೇಲಿ ಪಕ್ಕ, ನಿವೃತ್ತಿಗೆ ಕೂಡಿಟ್ಟ ದುಡ್ಡನ್ನು ಫೋನಿನಲ್ಲಿ ತೆರೆದು ತೋರಿಸಿದರು. ಏನೂ ಹೇಳಲಿಲ್ಲ. ಸುಮ್ನೆ ತೋರಿಸಿ ಫೋನ್ ಜೇಬಿಗಿಟ್ಟುಕೊಂಡರು. ಏಪ್ರಿಲ್ 9ರಂದು ಸುಂಕಗಳಲ್ಲಿ ಹೆಚ್ಚಿನವಕ್ಕೆ 90 ದಿನ ವಿರಾಮ ಅಂದಾಗ ಪೇಟೆ ಜಿಗಿಯಿತು. ಆಮೇಲೆ ಬೇಲಿ ಹತ್ತಿರ ಆ ವಿಷಯ ಬಂದಿಲ್ಲ.

ನಮ್ಮ ಮನೆಯಲ್ಲೂ ಅದೇ ಭಯ, ವೇಷ ಬೇರೆ. ನನ್ನ ಗಂಡ ಉಗ್ರಾಣಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದಾರೆ. ಉಕ್ಕು ಹೋದ ಮೇಲೆ ಈ ಕಣಿವೆಯಲ್ಲಿ ಎಲ್ಲಿ ನೋಡಿದರೂ ಉಗ್ರಾಣಗಳೇ. ಸುಂಕ ಎಷ್ಟು ಅಂತ ಗೊತ್ತಾಗುವವರೆಗೆ ಯಾರೂ ಹೊಸದೇನೂ ಶುರು ಮಾಡುತ್ತಿಲ್ಲ. ಎರಡು ತಿಂಗಳಿಂದ ಊಟಕ್ಕೆ ಕೂತಾಗೆಲ್ಲ ಅವರ ಬಾಯಲ್ಲಿ ಒಂದೇ ಪದ, 'ಹೋಲ್ಡ್'. ನಾನು ಇಂಡಿಯನ್ ಅಂಗಡಿಗೆ ಹೋಗಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಎರಡು ಚೀಲ ತಂದಿಟ್ಟೆ. ಬೇಕಿತ್ತಾ ಅಂದರೆ ಬೇಕಿರಲಿಲ್ಲ. 2023ರಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗಲೂ ಹೀಗೇ ಓಡಿದ್ದೆ. ಮಾರ್ಚಿನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತ್ತು. ಅದು ಹಕ್ಕಿಜ್ವರದಿಂದ, ಸುಂಕದಿಂದಲ್ಲ. ಆದರೆ ಖಾಲಿ ಶೆಲ್ಫ್ ಮುಂದೆ ನಿಂತವಳಿಗೆ ಕಾರಣ ಯಾವುದಾದರೇನು?

ಮಿಷಿಗನ್ ವಿಶ್ವವಿದ್ಯಾಲಯದವರು ಪ್ರತಿ ತಿಂಗಳು ಜನರನ್ನು ಕೇಳುತ್ತಾರೆ, ಆರ್ಥಿಕ ಸ್ಥಿತಿ ಹೇಗನ್ನಿಸುತ್ತಿದೆ ಅಂತ. ಚುನಾವಣೆ ಮುಗಿದ ಕೂಡಲೇ ರಿಪಬ್ಲಿಕನ್ನರಿಗೆ ಎಲ್ಲ ಚೆನ್ನಾಗಿ ಕಾಣತೊಡಗಿತು, ಡೆಮಾಕ್ರಾಟರಿಗೆ ಎಲ್ಲ ಕೆಟ್ಟದಾಗಿ. ಅದೇ ಅಂಗಡಿ, ಅದೇ ಹಾಲಿನ ಕ್ಯಾನು. ಪಕ್ಷೇತರರ ಗೆರೆ ಇಬ್ಬರ ನಡುವೆ ಇರುತ್ತದೆ, ಈ ವಸಂತದಲ್ಲಿ ಅದೂ ಇಳಿದಿದೆ. ಪಕ್ಷ ಇದ್ದವರಿಗೆ ಒಂದು ಅನುಕೂಲ ಇದೆ ಅನ್ನಿಸಿತು. ಭಯ ಆದಾಗ ಯಾರನ್ನು ಬೈಯಬೇಕು ಅಂತ ಅವರಿಗೆ ಮೊದಲೇ ಗೊತ್ತು.

ಹಾಗಂತ ನಾನೇನು ದೊಡ್ಡ ನಿಷ್ಪಕ್ಷಪಾತಿ ಅಲ್ಲ. ಆ ಚೌಕಕ್ಕೆ ಟಿಕ್ ಹಾಕಿದ್ದು ಯೋಚಿಸಿ, ತೂಗಿ ನೋಡಿ ಅಲ್ಲ. ಹೆದರಿ. ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆ ಮುಂದೆ ಬೋರ್ಡು ನೆಟ್ಟಿದ್ದರು. ಕನ್ನಡ ಕೂಟದ ವಾಟ್ಸಾಪ್ ಗುಂಪು ಒಡೆದು ಎರಡಾಗಿತ್ತು. ಯುಗಾದಿ ಊಟಕ್ಕೆ ಯಾರ ಪಕ್ಕ ಕೂತರೆ ಯಾರಿಗೆ ಬೇಜಾರು ಅಂತ ಲೆಕ್ಕ ಹಾಕುವ ಹಾಗಾಗಿತ್ತು. ಹೊಸದಾಗಿ ಪೌರತ್ವ ಸಿಕ್ಕವಳು ನಾನು, ಯಾವ ಕಾಗದದಲ್ಲೂ ಯಾವ ಕಡೆಯೂ ನನ್ನ ಹೆಸರು ಇರುವುದೇ ಬೇಡ ಅಂದುಕೊಂಡೆ. ಅದನ್ನೇ ಕೂಟದಲ್ಲಿ "ನಾನು ಇಂಡಿಪೆಂಡೆಂಟ್" ಅಂತ ಗತ್ತಿನಿಂದ ಹೇಳಿಕೊಂಡು ಓಡಾಡುತ್ತಿದ್ದೆ.

ಅವತ್ತು ಮತಗಟ್ಟೆಯ ಅಜ್ಜಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಮಗಳನ್ನು ಹತ್ತಿರ ಕರೆದು, ಸುರುಳಿಯಿಂದ 'ಐ ವೋಟೆಡ್' ಸ್ಟಿಕರ್ ಒಂದು ಕಿತ್ತು ಅವಳ ಸ್ವೆಟರಿಗೆ ಅಂಟಿಸಿದರು. ಅವಳು ದಿನವಿಡೀ ಎದೆಯುಬ್ಬಿಸಿ ಸ್ಕೂಲಿನಲ್ಲಿ ಓಡಾಡಿದಳಂತೆ. ಸಂಜೆ ಮನೆಗೆ ಬಂದು, ಅಂಚು ಸುರುಟಿದ ಅದನ್ನು ಬಿಡಿಸಿ ಅಕ್ಕಿ ಡಬ್ಬದ ಮೇಲೆ ಅಂಟಿಸಿದ್ದಾಳೆ. ಇವತ್ತು ಬೆಳಗ್ಗೆ ಅಕ್ಕಿ ಅಳೆಯುವಾಗ ಕೀಳಲು ನೋಡಿದೆ. ಅರ್ಧ ಬಂತು, ಇನ್ನರ್ಧ ಹಾಗೇ ಇದೆ.