ದಾರಿಯ ನೀರು

12 ಅಕ್ಟೋಬರ್ 2025, ಭಾನುವಾರ

ಸಂಜೆ ಕಾಕಾ ಬದುವಿನ ಮೇಲೆ ನಿಂತು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ. ಅದನ್ನು ಬರೆಯುವ ಮೊದಲು ದಾರಿಯ ವಿಷಯ ಹೇಳಬೇಕು.

ಮಳೆ ಬಿಡುವು ಕೊಟ್ಟು ನೆಲ ಹದಕ್ಕೆ ಬಂದಿದೆ. ದಾರಿಗೆ ಹಾಕಿದ ಗರಸನ್ನು, ಆ ಸಣ್ಣ ಕಲ್ಲು ಬೆರೆತ ಮಣ್ಣನ್ನು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಕೈಗೆ ಅಂಟುವುದಿಲ್ಲ. ಮನೆಯ ದಾರಿ ಸಮ ಮಾಡಲು ಇದೇ ಸಮಯ. ಬಿಸಿಲು ಬಲಿತು ಒಣಗಿಬಿಟ್ಟರೆ ನೆಲ ಕೆರೆದು ಸಮ ಮಾಡುವ ಬ್ಲೇಡ್ ಬರೀ ದೂಳೆಬ್ಬಿಸುತ್ತದೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವ್ವ ಕಾರಿನಲ್ಲಿ ಕುಳಿತರೆ ನಮ್ಮ ಗೇಟಿನಿಂದ ಆಳಂದ ರಸ್ತೆಯ ಡಾಂಬರು ಸಿಗುವ ತನಕ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದಿರುತ್ತಾಳೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಅದನ್ನು ಕನ್ನಡಿಯಲ್ಲಿ ನೋಡುತ್ತ ಗಾಡಿ ಓಡಿಸುವುದು ನನ್ನಿಂದ ಇನ್ನು ಆಗದು.

ತಮ್ಮ ಬೆಳಿಗ್ಗೆ ವಿಡಿಯೊ ಕರೆ ಮಾಡಿದ್ದ. ಮಿನ್ನೆಸೋಟದಲ್ಲಿ ಅವನ ಮನೆಗೂ ಗರಸಿನದೇ ದಾರಿ. ಅಲ್ಲಿ ಅದಕ್ಕೆ ಎಟಿವಿ ಇಟ್ಟುಕೊಂಡಿದ್ದಾನೆ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ. ಚಳಿಗಾಲದಲ್ಲಿ ಮುಂದೆ ಹಲಗೆ ಕಟ್ಟಿ ಹಿಮ ತಳ್ಳುತ್ತಾನೆ, ಹಿಮ ಕರಗಿದ ಮೇಲೆ ಹಿಂದೆ ಬ್ಲೇಡ್ ಕಟ್ಟಿ ದಾರಿ ಎಳೆಯುತ್ತಾನೆ. ಎಟಿವಿ ಹಗುರ. ಟ್ರ್ಯಾಕ್ಟರಿನ ಹಾಗೆ ಬ್ಲೇಡನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಅದಕ್ಕಿಲ್ಲ. ಬ್ಲೇಡ್ ಮೇಲೆ ಸಿಮೆಂಟಿನ ಇಟ್ಟಿಗೆ ಹೇರಿದರೆ ಮಾತ್ರ ನೆಲ ಕಚ್ಚುತ್ತದೆಯಂತೆ. ಗೇರ್ ಯಾವಾಗಲೂ ‘ಲೋ’ದಲ್ಲೇ ಇರಬೇಕು, ಇಲ್ಲವಾದರೆ ಒಳಗಿನ ಬೆಲ್ಟ್ ಕಾದು ಹಾಳಾಗುತ್ತದೆ ಎಂದ.

“ಅಣ್ಣಾ, ನಡೆಯುವ ವೇಗಕ್ಕಿಂತ ಜೋರಾಗಿ ಎಳೆಯಬೇಡ. ಬ್ಲೇಡ್ ಕುಣಿಯುತ್ತದೆ, ಕುಣಿದಲ್ಲೆಲ್ಲ ಹೊಸ ತಗ್ಗು ಬೀಳುತ್ತದೆ.”

ನಮ್ಮ ದಾರಿಯ ತಿರುವಿನ ಹತ್ತಿರ ತಗಡಿನ ಶೀಟಿನ ಹಾಗೆ ಗೆರೆ ಬಿದ್ದಿರುವುದನ್ನು ಫೋನಿನಲ್ಲೇ ತೋರಿಸಿದೆ. ಮೇಲೆ ಗರಸು ಸುರಿದು ಮುಚ್ಚಿದರೆ ಅವೇ ಗೆರೆಗಳು ಮತ್ತೆ ಏಳುತ್ತವೆ. ತಗ್ಗಿನ ತಳದವರೆಗೆ ಕೆದರಿ, ಸಡಿಲಾದದ್ದನ್ನು ಹರಡಿ, ಒತ್ತಿ ಕೂರಿಸಬೇಕು ಎಂದ. ಕೆದರುವುದಕ್ಕೆ ನಮ್ಮಲ್ಲಿ ಕಲ್ಟಿವೇಟರ್ ಇದೆ, ಎಳೆಯುವುದಕ್ಕೆ ಸಣ್ಣ ಟ್ರ್ಯಾಕ್ಟರ್ ಇದೆ, ಬ್ಲೇಡ್ ಬಾಡಿಗೆಗೆ ಸಿಕ್ಕಿದೆ. ಆ ಮಟ್ಟಿಗೆ ನಾವು ಅವನಿಗಿಂತ ಅನುಕೂಲಸ್ಥರು. ಕೊನೆಗೆ ಹೇಳಿದ್ದು ಮುಖ್ಯ: ಹತ್ತು ಅಡಿ ಅಗಲದ ದಾರಿಯಾದರೆ ನಡುವಿನಿಂದ ಎರಡೂ ಅಂಚಿಗೆ ಎರಡೂವರೆ ಇಂಚು ಇಳಿಜಾರು ಇರಲೇಬೇಕು, ನೀರು ದಾರಿಯ ಮೇಲೆ ನಿಲ್ಲಲೇಬಾರದು.

ನೀರು ನಿಂತರೆ ಏನಾಗುತ್ತದೆ ಎಂದು ಅವನಿಗಿಂತ ನಮಗೆ ಚೆನ್ನಾಗಿ ಗೊತ್ತು. ಕೆಳಗಿರುವುದು ಎರೆ, ಕಪ್ಪು ಜಿಗುಟು ಮಣ್ಣು. ತೊಯ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೆತ್ತಗಾದ ಎರೆ ಖಡಿಯನ್ನು, ಅಂದರೆ ಜಲ್ಲಿಕಲ್ಲನ್ನು, ಟ್ರಾಲಿಗಟ್ಟಲೆ ನುಂಗಿದೆ. ಅಪ್ಪ ಹಾಕಿಸಿದ ಖಡಿ ಈಗ ಎಲ್ಲಿದೆ? ಅಗೆದರೆ ಒಂದು ಮೊಳ ಕೆಳಗೆ ಸಿಗಬಹುದು. ನಮಗೆ ಬೇಕಾದದ್ದು ಇನ್ನಷ್ಟು ಗರಸಲ್ಲ, ನೀರಿಗೆ ಹೋಗುವ ದಿಕ್ಕು.

ಆ ದಿಕ್ಕಿನ ಬಗ್ಗೆಯೇ ಕಾಕಾ ಬಂದದ್ದು.

ನಾನು ಕಲ್ಟಿವೇಟರ್ ಬಿಚ್ಚಿ ಬ್ಲೇಡ್ ಜೋಡಿಸುತ್ತಿದ್ದೆ. ಅವರು ಬಹಳ ಹೊತ್ತು ಸುಮ್ಮನೆ ನೋಡಿದರು.

“ನೀರು ಯಾವ ಕಡೆ ಬಿಡುತ್ತೀಯಪ್ಪಾ?”

“ಎರಡೂ ಕಡೆ ಕಾಕಾ. ಅರ್ಧ ಈ ಕಡೆ, ಅರ್ಧ ಆ ಕಡೆ.”

“ಆ ಕಡೆ ಎಂದರೆ ನನ್ನ ಹೊಲ.”

ನಾನು ಅಂಚಿನಲ್ಲಿ ಸಣ್ಣ ಗಟಾರ ತೆಗೆಯುವುದಾಗಿ ಹೇಳಿದೆ. ಗಟಾರದ ಬಾಯಿ ಎಲ್ಲಿ ಬಿಡುತ್ತದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೈ ಹಿಡಿದು ಹೊಲದೊಳಗೆ ಕರೆದುಕೊಂಡು ಹೋದರು. ತಗ್ಗಿನ ಸಾಲುಗಳಲ್ಲಿ ತೊಗರಿ ಹಳದಿಗಟ್ಟಿ ನಿಂತಿದೆ. ಹೂವಿಗೆ ಬರುವ ಹೊತ್ತು. ಒಂದು ಗಿಡ ಕಿತ್ತು ಬೇರು ತೋರಿಸಿದರು, ಸಿಪ್ಪೆ ಬೆರಳಿಗೆ ಸುಲಿದು ಬಂತು. ಟಿಎಸ್-3ಆರ್ ಗಿಡ ಬಾಡಿಸುವ ನೆಟೆ ರೋಗ ತಡೆಯುವ ತಳಿ ಎಂದೇ ಅವರು ಹಾಕಿದ್ದು. ಬುಡದಲ್ಲಿ ನಿಂತ ನೀರನ್ನು ಯಾವ ತೊಗರಿ ತಡೆದೀತು?

“ಅತ್ತಿಗೆಯ ಮೊಣಕಾಲು ನನಗೂ ಗೊತ್ತು. ದಾರಿ ಮಾಡು, ಬೇಡ ಎನ್ನುವುದಿಲ್ಲ. ಆದರೆ ಸಂಕ್ರಾಂತಿಯ ಹೊತ್ತಿಗೆ ನಾನು ರಾಶಿ ಮಾಡಬೇಕು.”

ಜಗಳಕ್ಕೆ ಬಂದಿದ್ದರೆ ಸುಲಭವಿತ್ತು. ಅವರು ಕೇಳಿದ ರೀತಿಗೆ ನನ್ನ ಗಂಟಲು ಕಟ್ಟಿತು. ಸರ್ವೆ ನಕಾಶೆಯಲ್ಲಿ ದಾರಿ ನಮ್ಮದು, ನಿಜ. ಮಳೆ ನಕಾಶೆ ನೋಡಿ ಬೀಳುವುದಿಲ್ಲವಲ್ಲ.

ಊಟ ಸೇರಲಿಲ್ಲ. ಅವ್ವ ಕಾರಣ ಕೇಳಿದಳು, ಹೇಳಲಿಲ್ಲ. ಕೇಳಿದರೆ ದಾರಿಯೇ ಬೇಡ ಎಂದುಬಿಡುತ್ತಾಳೆ.

ಈಗ ಅನ್ನಿಸುತ್ತಿರುವುದು ಇಷ್ಟು. ನಡುವೆ ದಿಬ್ಬ ಮಾಡುವುದನ್ನೇ ಬಿಟ್ಟು ಇಡೀ ದಾರಿಯನ್ನು ನಮ್ಮ ಕಡೆಗೇ ಓರೆ ಮಾಡಿದರೆ? ಟ್ರ್ಯಾಕ್ಟರಿನ ಹಿಂದೆ ಬ್ಲೇಡ್ ಎತ್ತಿಳಿಸುವ ಬಲಬದಿಯ ಲಿಫ್ಟ್ ರಾಡ್ ತಿರುಗಿಸಿದರೆ ಬ್ಲೇಡಿನ ಒಂದು ತುದಿ ತಗ್ಗುತ್ತದೆ, ಓರೆ ಕೊಡುವುದು ಕಷ್ಟವಲ್ಲ. ಹತ್ತು ಅಡಿಗೆ ಐದು ಇಂಚಿನ ಇಳಿಜಾರು ಒಂದೇ ಕಡೆಗೆ. ನೀರೆಲ್ಲ ನಮ್ಮ ಬದುವಿಗೆ ಬಂದು, ಅಲ್ಲಿಂದ ಕೃಷಿ ಹೊಂಡಕ್ಕೆ. ಹೊಂಡ ಹೇಗೂ ನಮ್ಮ ಹೊಲದ ತಗ್ಗಿನಲ್ಲೇ ಇದೆ. ಎಲ್ಲ ನೀರೂ ಒಂದೇ ಅಂಚಿನಲ್ಲಿ ಹರಿದರೆ ಆ ಅಂಚು ಕೊರೆಯುತ್ತದೆ, ಅಲ್ಲಿ ಶಹಾಬಾದ್ ಕಲ್ಲಿನ ಒಡೆದ ತುಂಡು ಹಾಸಬೇಕು. ಹಳೆಯ ಕೊಟ್ಟಿಗೆಯದು ಬಿದ್ದಿದೆ. ಗೇಟಿನ ಹತ್ತಿರ ಮಾತ್ರ ತೊಡಕು. ಅಲ್ಲಿ ನೆಲ ಕಾಕಾನ ಹೊಲದ ಕಡೆಗೇ ವಾಲಿದೆ, ಓರೆ ತಿರುಗಿಸಲು ಬಹಳ ಮಣ್ಣು ಏರಿಸಬೇಕು. ಇಲ್ಲವೇ ಅಡ್ಡಲಾಗಿ ಸಿಮೆಂಟ್ ಪೈಪ್ ಹೂತು ನೀರನ್ನು ಈಚೆ ತರಬೇಕು. ಪೈಪ್ ಎಷ್ಟು ಆಳಕ್ಕೆ ಹೂಳಬೇಕು? ಮೇಲೆ ಕಬ್ಬಿನ ಟ್ರಾಲಿ ಹಾಯುತ್ತದೆ, ಕೆಳಗೆ ಎರೆ ಉಬ್ಬುತ್ತದೆ, ನಡುವೆ ಸಿಕ್ಕ ಪೈಪ್ ಬಿರಿಯದಿರಬೇಕಾದರೆ ಸುತ್ತ ಗರಸು ತುಂಬಬೇಕೇನೋ, ತಮ್ಮನನ್ನು ಕೇಳೋಣವೆಂದರೆ ಅವನ ನೆಲದಲ್ಲಿ ಎರೆಯೇ ಇಲ್ಲ, ಕಾಕಾನನ್ನೇ ಕೇಳಬೇಕು, ಬಾವಿಯ ಪೈಪ್‌ಲೈನ್ ಹೂಳಿಸಿದವರು ಅವರೇ