ವ್ಯಾಲೊರೆಂಟ್ ತೆರೆಯದೆ ವ್ಯಾನ್ 9001 ಬಂದರೆ

ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಗೇಮ್ ತೆರೆಯುವಾಗ ವ್ಯಾನ್ 9001 ಅಥವಾ 9003 ಎಂಬ ಎರರ್ ಬಂದರೆ ಗೇಮ್ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಬೇಡಿ, ಡೇಟಾ ದಂಡ. ಗೇಮ್‌ನಲ್ಲಿ ಮೋಸ ತಡೆಯುವ ವ್ಯಾನ್‌ಗಾರ್ಡ್ ಸಾಫ್ಟ್‌ವೇರ್ ಕೇಳುತ್ತಿರುವುದು ಟಿಪಿಎಂ 2.0 (ಪಿಸಿಯ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಪಿಸಿ ಶುರುವಾಗಲು ಬಿಡುವ ಸೆಟ್ಟಿಂಗ್). ಟಿಪಿಎಂ ಸುಲಭ: ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಪಿಸಿ ಸೆಟ್ಟಿಂಗ್) ಪ್ರೊಸೆಸರ್ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಆನ್ ಮಾಡಿ.

ಜನ ಎಡವುವುದು ಸೆಕ್ಯೂರ್ ಬೂಟ್‌ನಲ್ಲಿ. ಮೊದಲು ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯಾಸ್ ಮೋಡ್ ನೋಡಿ. ಲೆಗಸಿ ಅಂತಿದ್ದರೆ ಡಿಸ್ಕ್ ಸಾಮಾನ್ಯವಾಗಿ ಎಂಬಿಆರ್ ಎಂಬ ಹಳೆಯ ವಿಭಜನೆ ಮಾದರಿಯಲ್ಲಿರುತ್ತದೆ. ಸೆಕ್ಯೂರ್ ಬೂಟ್‌ಗೆ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಬೆಂಬಲ) ಆಫ್ ಇರಬೇಕು, ಆದರೆ ಡಿಸ್ಕನ್ನು ಹೊಸ ಮಾದರಿಯಾದ ಜಿಪಿಟಿಗೆ ಬದಲಿಸದೆ ಅದನ್ನು ಆಫ್ ಮಾಡಿದರೆ ವಿಂಡೋಸೇ ಬೂಟ್ ಆಗಲ್ಲ. ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಟೂಲ್ ನಿಮ್ಮ ಫೈಲ್‌ಗಳನ್ನು ಅಳಿಸದೆ ಡಿಸ್ಕನ್ನು ಬದಲಿಸುತ್ತದೆ. ಆದರೂ ಬ್ಯಾಕಪ್ ಇರಲಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಐವರ ತಂಡದಲ್ಲಿ ಒಬ್ಬರ ಪಿಸಿ ಮೊಂಡು ಹಿಡಿದರೆ ಉಳಿದ ನಾಲ್ವರು ಲಾಬಿಯಲ್ಲಿ ಕಾಯುತ್ತಾರೆ. ಇದನ್ನೆಲ್ಲ ಪಂದ್ಯದ ಹೊತ್ತಿಗಲ್ಲ, ಬಿಡುವಿನ ದಿನವೇ ಮುಗಿಸಿಬಿಡಿ.