ಪಾಲಿಲ್ಲದ ಬೇಟೆ

ಅಮೆರಿಕದ ಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿನ ಹೊತ್ತಿಗೆ ಬಹಳ ಮಕ್ಕಳು ಓದುವ ಒಂದು ಕಥೆ ಇದೆ. ರಿಚರ್ಡ್ ಕಾನೆಲ್ ಬರೆದ ‘ದಿ ಮೋಸ್ಟ್ ಡೇಂಜರಸ್ ಗೇಮ್’. 1924ರಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದದ್ದು. ನೂರು ವರ್ಷ ದಾಟಿದರೂ ಮೇಷ್ಟ್ರುಗಳು ಅದನ್ನು ಬಿಟ್ಟಿಲ್ಲ. ಈ ಸಲ ನನ್ನ ಮಗಳ ಸರದಿ. ನಾವಿರುವುದು ಒಹಾಯೊದಲ್ಲಿ. ಊರು ದಾವಣಗೆರೆ ಜಿಲ್ಲೆಯ ಜಗಳೂರು, ಅಪ್ಪಾಜಿ ಈಗಲೂ ಅಲ್ಲೇ.

ಕಥೆಯ ರೈನ್ಸ್‌ಫರ್ಡ್ ಹೆಸರಾಂತ ಬೇಟೆಗಾರ. ಜಾಗ್ವಾರ್ ಹೊಡೆಯಲು ಅಮೆಜಾನ್ ಕಡೆ ಹಡಗಿನಲ್ಲಿ ಹೊರಟಿದ್ದಾನೆ. ಪ್ರಾಣಿಗೂ ಭಯ ಅಂತ ಇರುತ್ತದಲ್ವಾ ಎಂದು ಜೊತೆಗಾರ ಕೇಳಿದರೆ, ಅವಕ್ಕೆಲ್ಲಿ ಬುದ್ಧಿ ಎಂದು ತಳ್ಳಿಹಾಕುತ್ತಾನೆ. ಅದೇ ರಾತ್ರಿ ಕೆರಿಬಿಯನ್ ಸಮುದ್ರಕ್ಕೆ ಬಿದ್ದು, ಈಜಿ ಒಂದು ದ್ವೀಪ ಸೇರುತ್ತಾನೆ. ಅಲ್ಲಿ ಜನರಲ್ ಜರಾಫ್ ಎಂಬ ರಷ್ಯಾದವನ ಬಂಗಲೆ. ಪ್ರಾಣಿ ಹೊಡೆದು ಹೊಡೆದು ಅವನಿಗೆ ಬೇಜಾರಾಗಿದೆ. ಈಗ ಮನುಷ್ಯರನ್ನೇ ಬೇಟೆಯಾಡುತ್ತಾನೆ. ಕೈಗೊಂದು ಚಾಕು ಕೊಟ್ಟು ಕಾಡಿಗೆ ಬಿಡುತ್ತಾನೆ. ಮೂರು ದಿನ ಸಿಗದೆ ಉಳಿದರೆ ಗೆದ್ದಂತೆ.

ಮುಂದಿನದ್ದು ಹೇಳಿದರೆ ಓದುವವರ ಮಜಾ ಹೋಗುತ್ತದೆ. ಆದರೆ ಜಗಳ ಇರುವುದೇ ಕೊನೆಯಲ್ಲಿ. ರೈನ್ಸ್‌ಫರ್ಡ್ ತಪ್ಪಿಸಿಕೊಂಡು, ಸೀದಾ ಜರಾಫ್‌ನ ಮಲಗುವ ಕೋಣೆಗೇ ಬಂದು ನಿಲ್ಲುತ್ತಾನೆ. ನೀನೇ ಗೆದ್ದೆ ಎಂದು ಜರಾಫ್ ಒಪ್ಪಿಕೊಳ್ಳುತ್ತಾನೆ. ಇವನು ಒಪ್ಪುವುದಿಲ್ಲ. ಸರಿ, ಸೋತವನು ನಾಯಿಗಳಿಗೆ ಊಟ, ಗೆದ್ದವನಿಗೆ ಈ ಹಾಸಿಗೆ ಎಂದು ಮಾತಾಗುತ್ತದೆ. ಕಾದಾಟದ ಒಂದು ಸಾಲೂ ಇಲ್ಲ. ಇಷ್ಟು ಒಳ್ಳೆಯ ಹಾಸಿಗೆಯಲ್ಲಿ ತಾನು ಯಾವತ್ತೂ ಮಲಗಿರಲಿಲ್ಲ ಎಂದು ರೈನ್ಸ್‌ಫರ್ಡ್‌ಗೆ ಅನ್ನಿಸಿತು, ಅಷ್ಟಕ್ಕೆ ಕಥೆ ಮುಗಿಯಿತು.

ಇದು ಕೊಲೆಯೋ, ಜೀವ ಉಳಿಸಿಕೊಂಡದ್ದೋ? ಕ್ಲಾಸು ಎರಡು ಪಾಲಾಯಿತಂತೆ. ಇಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಬಂದೂಕಿನ ಜಿಂಕೆ ಬೇಟೆ ಶುರುವಾಗುತ್ತದೆ. ಆರೆಂಜ್ ಜಾಕೆಟ್ ಹಾಕಿಕೊಂಡು ಅಪ್ಪನ ಜೊತೆ ಹೋಗಿ ಬಂದ ಹುಡುಗರು ಅದೇ ಕ್ಲಾಸಿನಲ್ಲಿ ಕೂತಿರುತ್ತಾರೆ. ‘ನಮ್ಮನ್ನ ಜರಾಫ್ ಜೊತೆ ಸೇರಿಸಬೇಡಿ’ ಎಂದು ಅವರಿಗೆ ಸಿಟ್ಟು. ಟೀಚರ್ ಮಾತ್ರ ಯಾರ ಪರವೂ ಅಲ್ಲ. ಏನೇ ಹೇಳಿ, ಕಥೆಯಲ್ಲಿ ಯಾವ ಸಾಲು ಹಾಗನ್ನುತ್ತೆ ತೋರಿಸಿ, ಅಷ್ಟೇ.

ವಿಡಿಯೊ ಕಾಲ್‌ನಲ್ಲಿ ಮಗಳು ಕಥೆಯನ್ನು ಅಪ್ಪಾಜಿಗೆ ಹೇಳಿದಳು. ಅವರು ಕೇಳಿದ್ದು ಒಂದೇ.

“ಹೊಡೆದದ್ದನ್ನ ಏನು ಮಾಡ್ತಿದ್ದನವ್ವಾ ಅವನು?”

“ಏನೂ ಇಲ್ಲ ಅಜ್ಜ. ಸುಮ್ನೆ ಹೊಡೀತಾನೆ.”

“ಹಂಗಾದ್ರೆ ಅದೆಂಥ ಬೇಟೆ?”

ಅವರು ಹುಡುಗರಾಗಿದ್ದಾಗ ಊರವರು ಬಲೆ ತಗೊಂಡು ಮೊಲದ ಬೇಟೆಗೆ ಹೋಗುತ್ತಿದ್ದರು. ಬಲೆಯವನಿಗೊಂದು ಪಾಲು, ಅಟ್ಟಿದವರಿಗೊಂದು, ನಾಯಿಗೂ ಒಂದು. ಬರಲಾಗದ ಮುದುಕರ ಮನೆಗೂ ಒಂದು ತುಂಡು ಹೋಗಬೇಕು. ಪಾಲು ಹಾಕುವಾಗ ನಡೆಯುತ್ತಿದ್ದ ಜಗಳವನ್ನು ಅಪ್ಪಾಜಿ ಬೇಟೆಗಿಂತ ಜಾಸ್ತಿ ಖುಷಿಯಿಂದ ಹೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದಕ್ಕೆಲ್ಲ ಕೇಸು. ನಮ್ಮ ಪಕ್ಕದ ರಂಗಯ್ಯನದುರ್ಗವೇ 2011ರಿಂದ ಕೊಂಡುಕುರಿಗಳ ವನ್ಯಧಾಮ.

ಎಲ್ಲ ಕೇಳಿಸಿಕೊಂಡ ಮಗಳು, “ಅಜ್ಜ, ಮೊಲಕ್ಕೆ ಯಾವ ಪಾಲು?” ಅಂದಳು. ಅಪ್ಪಾಜಿ ಮಳೆ ವಿಷಯ ತೆಗೆದರು.

ನನಗೂ ಅವಳ ಪ್ರಶ್ನೆಯೇ ಸರಿ ಅನ್ನಿಸಿತು. ಹಂಚಿ ತಿಂದರೆ ನಮಗೆ ಸಮಾಧಾನ, ಮೊಲಕ್ಕೇನು? ಆದರೂ ಅಪ್ಪಾಜಿ ಮಾತಿನಲ್ಲಿ ಜರಾಫ್‌ನನ್ನು ಹಿಡಿಯುವ ಒಂದು ಕೊಕ್ಕೆ ಇತ್ತು. ಅದಕ್ಕೆ ಸಾಲು ಹುಡುಕಬೇಕಿತ್ತು. ಮಗಳಿಗೆ ಸಿಕ್ಕಿದ್ದು ಊಟದ ಮನೆಯಲ್ಲಿ. ಗೋಡೆ ತುಂಬ ಹುಲಿ, ಸಿಂಹ, ಆನೆ, ಕರಡಿಗಳ ತಲೆ. ಕೆನೆ ಹಾಕಿದ ಕೆಂಪು ಸೂಪು. ರೈನ್ಸ್‌ಫರ್ಡ್ ತಟ್ಟೆಯಲ್ಲಿ ಹದವಾಗಿ ಬೆಂದ ದನದ ಮಾಂಸ. ಅದನ್ನು ತಿನ್ನುತ್ತಲೇ ಅವನು ಗೋಡೆಯ ಮೇಲಿನ ಕಾಡೆಮ್ಮೆ ತಲೆಯನ್ನು ಹೊಗಳುತ್ತಾನೆ. ಹೊಡೆದದ್ದು ಗೋಡೆಗೆ, ತಿನ್ನುವುದು ಬೇರೆ. ಆಗಿನ್ನೂ ಇಬ್ಬರೂ ಒಂದೇ ಪಂಕ್ತಿಯವರು! ಬೇಟೆಗೂ ಹೊಟ್ಟೆಗೂ ಸಂಬಂಧ ಕಡಿದದ್ದು ಜರಾಫ್ ಒಬ್ಬನೇ ಅಲ್ಲ ಎಂದು ಮಗಳು ಪ್ರಬಂಧ ಬರೆದಳು. ಜಿಂಕೆ ಮಾಂಸವನ್ನು ಚಳಿಗಾಲಕ್ಕೆಲ್ಲ ಫ್ರೀಜರ್‌ನಲ್ಲಿಡುವ ಕ್ಲಾಸಿನ ಹುಡುಗನೊಬ್ಬನಿಗೆ ಅದು ಬಹಳ ಹಿಡಿಸಿತಂತೆ.

ಮುಂದಿನ ವಾರ ಅಪ್ಪಾಜಿ ತಾವಾಗಿಯೇ ಕಥೆ ತೆಗೆದರು. ಹಡಗುಗಳಿಗೆ ದಾರಿ ತಪ್ಪಿಸಿ ಬಂಡೆಗೆ ಬಡಿಸಲು ಜರಾಫ್ ದೀಪ ಹಾಕಿಸಿರುತ್ತಾನೆ, ಅದು ಅವರ ತಲೆಯಲ್ಲಿ ಕೂತಿತ್ತು. “ಹಾಸಿಗೆ ಸಿಕ್ತು, ಬಂಗಲೆ ಸಿಕ್ತು, ಸರಿ. ಆ ದೀಪ ಆರಿಸಿ ಮಲಗಿದನೋ, ಹಂಗೇ ಮಲಗಿದನೋ?”

ಕಥೆ ಅದನ್ನು ಹೇಳುವುದಿಲ್ಲ. ಆರಿಸಿರುತ್ತಾನೆ ಎಂದು ನಾನು. ಇಲ್ಲ ಎಂದು ಮಗಳು.